ಮೇಜಿ ಕಾಡಿನೊಳಗೆ ಒಂದು ದಿಬ್ಬಣ

ಶಿಂಟೊ ಪದ್ಧತಿಯ ಮದುವೆಯಲ್ಲಿ ಸುಮ್ಮನೆ ಕೂತು ನೋಡುವವರಿಗೆ ಜಾಗವಿಲ್ಲ. ದೇವರ ಮುಂದಿನ ಆ ಕೋಣೆಗೆ ಹೋಗುವವರು ಎರಡೂ ಮನೆಯ ಹತ್ತಿರದ ನೆಂಟರು ಮಾತ್ರ ಎಂಬುದು ಹಿಂದಿನ ರೂಢಿ. ಈಚೆಗೆ ಕೆಲವು ಕಡೆ ಸ್ನೇಹಿತರನ್ನೂ ಬಿಡುತ್ತಾರಂತೆ. ಒಳಗೆ ಹೋದ ಮೇಲೆ ಎಲ್ಲರೂ ಏಳಬೇಕು, ಬಾಗಬೇಕು, ಕೊನೆಗೆ ಒಟ್ಟಿಗೆ ಬಟ್ಟಲೆತ್ತಿ ಕುಡಿಯಬೇಕು. ಟೋಕಿಯೊದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಅಲ್ಲಿಯದೇ ಹುಡುಗಿಯನ್ನು ಮೇಜಿ ಜಿಂಗು ದೇವಾಲಯದಲ್ಲಿ ಮದುವೆಯಾಗುತ್ತಾನೆ ಎಂದಾಗ ಅಕ್ಕ, ಭಾವ, ನಾನು ಸಾಗರದಿಂದ ಹೊರಟದ್ದು ಮದುವೆ ನೋಡಿ ಬರೋಣ ಎಂದು. ಅಲ್ಲಿ ನಮಗೆ ಸಿಕ್ಕಿದ ಸ್ಥಾನ ಬೇರೆಯೇ ಆಗಿತ್ತು.

ಕಾನೂನಿನ ಲೆಕ್ಕದಲ್ಲಿ ಅವರಿಬ್ಬರೂ ಆಗಲೇ ಗಂಡ ಹೆಂಡತಿ. ಜಪಾನಿನಲ್ಲಿ ಮದುವೆಯೆಂದರೆ ಸ್ಥಳೀಯ ಆಡಳಿತದ ಕಚೇರಿಗೆ ಕೊಡುವ ಒಂದು ಅರ್ಜಿ. ಹುಡುಗನಿಗೆ ಮದುವೆಯಾಗಲು ಅಡ್ಡಿಯೇನೂ ಇಲ್ಲ ಎಂಬ ಕಾಗದವನ್ನು ಭಾರತದ ರಾಯಭಾರ ಕಚೇರಿಯಿಂದ ಮಾಡಿಸಿ, ಅರ್ಜಿಯ ಜೊತೆ ಲಗತ್ತಿಸಿ ಕೊಟ್ಟಾಗಿತ್ತು. ದೇವಾಲಯದ ಶಾಸ್ತ್ರಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಅದನ್ನು ಮಾಡಲೇಬೇಕು ಎಂದು ಯಾರೂ ಹೇಳುವುದಿಲ್ಲ. ನೂರು ಜನರಲ್ಲಿ ಒಬ್ಬ ಮಾತ್ರ ಕ್ರೈಸ್ತನಿರುವ ಆ ದೇಶದಲ್ಲಿ ಬಿಳಿ ಗೌನು ತೊಟ್ಟು ಚರ್ಚಿನಂಥ ಕಟ್ಟಡದಲ್ಲಿ ಮದುವೆಯಾಗುವವರೇ ಶಿಂಟೊ ಮದುವೆ ಮಾಡಿಕೊಳ್ಳುವವರಿಗಿಂತ ಹೆಚ್ಚು. ಈ ಹುಡುಗಿ ದೇವಾಲಯವೇ ಆಗಬೇಕು ಎಂದಳು. ಅವಳ ಅಜ್ಜಿಗೆ ಆ ಆಸೆಯಿತ್ತು.

ದಿನ ನೋಡುವುದರಲ್ಲಿ ಅವರೂ ನಮ್ಮ ಹಾಗೆಯೇ. ಕ್ಯಾಲೆಂಡರಿನಲ್ಲಿ ಒಂದರ ಹಿಂದೆ ಒಂದು ಸುತ್ತುವ ಆರು ಬಗೆಯ ದಿನಗಳಿವೆ. ಮದುವೆಗೆ ‘ತಾಯಿಆನ್’ ಎಂಬ ದಿನ ಬಲು ಒಳ್ಳೆಯದು, ‘ಬುತ್ಸುಮೆತ್ಸು’ ಬೇಡ. ಬೇಡದ ದಿನಗಳಲ್ಲಿ ಮದುವೆ ಹಾಲಿನ ಬಾಡಿಗೆ ಇಳಿಯುತ್ತದೆ. ನವೆಂಬರ್ ಕೊನೆಯ ಒಂದು ತಾಯಿಆನ್ ಗೊತ್ತಾಯಿತು. ಭಾವ ತಮ್ಮ ಪಂಚಾಂಗ ತೆಗೆದು ನೋಡಿ, ನಮಗೂ ಅಡ್ಡಿಯಿಲ್ಲ ಎಂದರು. ಬೀಗಿತಿ ಒಂದು ಹಾಳೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಯಾವ ಕೈ ಮೇಲೆ, ಯಾವ ಕೈ ಕೆಳಗೆ ಎಂದು ಪೆನ್ಸಿಲಿನಲ್ಲಿ ಚಿತ್ರ ಬರೆದು ಕಳಿಸಿದ್ದರು. ಪಕ್ಕದಲ್ಲಿ ನಮ್ಮ ಹುಡುಗ ಕನ್ನಡದಲ್ಲಿ ಬರೆದಿದ್ದ. ಭಾವ ವಿಮಾನದಲ್ಲಿ ಅದನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಹಾಳೆ ಮಡಿಕೆಗೆ ಸರಿಯಾಗಿ ಹರಿಯುವಷ್ಟಾಗಿತ್ತು.

ಮೇಜಿ ಜಿಂಗು ಇರುವುದು ಹರಾಜುಕು ರೈಲು ನಿಲ್ದಾಣದ ಬೆನ್ನಿಗೆ. ಈಚೆ ಬದಿಯಲ್ಲಿ ಹದಿಹರೆಯದವರ ಬಟ್ಟೆ ಅಂಗಡಿಗಳ ಗಲಾಟೆ, ಆಚೆ ಬದಿಯಲ್ಲಿ ಎಪ್ಪತ್ತು ಹೆಕ್ಟೇರ್ ಕಾಡು. ನಡುವೆ ಒಂದು ಸೇತುವೆ ಅಷ್ಟೆ. ಜಲ್ಲಿ ಹಾಸಿದ ಅಗಲವಾದ ದಾರಿಯಲ್ಲಿ ಸ್ವಲ್ಪ ನಡೆದರೆ ಹನ್ನೆರಡು ಮೀಟರ್ ಎತ್ತರದ ಮರದ ತೋರಣದ್ವಾರ ಸಿಗುತ್ತದೆ. ಅದನ್ನು ‘ತೊರಿಇ’ ಎನ್ನುತ್ತಾರೆ. ಮೊದಲಿನದು ಸಿಡಿಲಿಗೆ ಹಾಳಾದ ಮೇಲೆ ತೈವಾನಿನಿಂದ ತಂದ ಸಾವಿರದ ಐನೂರು ವರ್ಷದ ಸೈಪ್ರೆಸ್ ಮರದಲ್ಲಿ 1975ರಲ್ಲಿ ಇದನ್ನು ನಿಲ್ಲಿಸಿದರು. ಒಳಗೆ ಹೋಗುವವರು ಅದರ ಕೆಳಗೆ ನಿಂತು ಒಮ್ಮೆ ತಲೆಬಾಗುತ್ತಾರೆ.

ಮಲೆನಾಡಿನವಳಾದ ನಾನು ಕಾಡು ಕಂಡರೆ ಮೊದಲು ಮರಗಳ ಜಾತಿ ನೋಡುತ್ತೇನೆ. ಕರ್ಪೂರದ ಮರ, ಓಕ್, ಅವುಗಳ ಅಡಿಯಲ್ಲಿ ದಟ್ಟ ಪೊದೆ. ಸಾವಿರ ವರ್ಷದ ಹಳೆಯ ಕಾಡೆಂದೇ ಅನಿಸುತ್ತದೆ. ಆದರೆ ಈ ದೇವಾಲಯ ಕಟ್ಟಿದ್ದು 1920ರಲ್ಲಿ, ಚಕ್ರವರ್ತಿ ಮೇಜಿ ಮತ್ತು ಅವನ ರಾಣಿ ಶೊಕೆನ್ ಅವರ ನೆನಪಿಗೆ. ಅದಕ್ಕೆ ಮೊದಲು ಇಲ್ಲಿ ಇದ್ದದ್ದು ಹೆಚ್ಚುಕಡಿಮೆ ಬಯಲು. ದೇಶದ ಮೂಲೆಮೂಲೆಯಿಂದ ಜನ ಕಳಿಸಿದ ಸುಮಾರು ಒಂದು ಲಕ್ಷ ಸಸಿಗಳನ್ನು ಊರೂರಿನ ಯುವಕರು ಬಂದು ನೆಟ್ಟರು. ಅಂದಿನ ಪ್ರಧಾನಿ ಒಕುಮಾ ಅವರಿಗೆ ನಿಕ್ಕೊದಲ್ಲಿರುವಂಥ ಎತ್ತರದ ದೇವದಾರು ತೋಪು ಬೇಕಿತ್ತು. ಅರಣ್ಯತಜ್ಞ ಹೊಂಡ ಸೆಯ್‌ರೊಕು ಮತ್ತು ಅವರ ಜೊತೆಯವರು ಒಪ್ಪಲಿಲ್ಲ. ಟೋಕಿಯೊದ ಹೊಗೆಗೆ ದೇವದಾರು ಬಾಳುವುದಿಲ್ಲ, ಈ ಮಣ್ಣಿಗೆ ಸೇರಿದ ನಿತ್ಯಹಸಿರಿನ ಅಗಲ ಎಲೆಯ ಮರಗಳನ್ನು ಬೆರೆಸಿ ನೆಡೋಣ, ನೂರು ನೂರೈವತ್ತು ವರ್ಷದಲ್ಲಿ ಅದು ತಾನೇ ಬೀಜ ಉದುರಿಸಿ ತಾನೇ ಬೆಳೆಯುವ ಕಾಡಾಗುತ್ತದೆ ಎಂದು ಹಟ ಹಿಡಿದರು. ಹಾಗೆಯೇ ಆಯಿತು. ಇಂದಿಗೂ ದಾರಿಗೆ ಬಿದ್ದ ಎಲೆಗಳನ್ನು ಉದ್ದನೆಯ ಪೊರಕೆಯಿಂದ ಗುಡಿಸುವವರು ಅದನ್ನು ಹೊರಗೆ ಸಾಗಿಸುವುದಿಲ್ಲ, ಕಾಡಿನೊಳಕ್ಕೇ ದೂಡುತ್ತಾರೆ. ಒಂದು ಎಲೆಯೂ ಆಚೆ ಹೋಗಬಾರದು ಎಂಬ ನಿಯಮ. ಸೊಪ್ಪಿನ ಬೆಟ್ಟಗಳನ್ನು ಅಕೇಶಿಯಾ ತೋಪು ಮಾಡಿಕೊಂಡು ಕೂತ ನಮ್ಮ ಕಡೆಯನ್ನು ನೆನೆದು ಹೊಟ್ಟೆ ಉರಿಯಿತು.

ಮದುವೆಯ ಈ ಪದ್ಧತಿಗೂ ಕಾಡಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹಿಂದೆ ಜಪಾನಿನಲ್ಲಿ ಮದುವೆ ಮನೆಯೊಳಗೇ ನಡೆಯುತ್ತಿತ್ತು: ಹುಡುಗಿಯನ್ನು ದೀಪ ಹಿಡಿದು ಕರೆದುಕೊಂಡು ಬರುವುದು, ಗಂಡಿನ ಮನೆಯ ನಡುಮನೆಯಲ್ಲಿ ಇಬ್ಬರೂ ಬಟ್ಟಲು ಹಂಚಿಕೊಳ್ಳುವುದು, ಆಮೇಲೆ ನೆಂಟರ ಊಟ. ದೇವಾಲಯದಲ್ಲಿ ಪೂಜಾರಿಯ ಎದುರು ಮದುವೆಯಾಗುವ ರೂಢಿ ಬೆಳೆದದ್ದು 1900ರ ಮೇ ತಿಂಗಳಲ್ಲಿ ಯುವರಾಜ ಯೊಶಿಹಿತೊ ಅರಮನೆಯ ಗುಡಿಯಲ್ಲಿ ಮದುವೆಯಾದ ಮೇಲೆ. ಅದನ್ನು ನೋಡಿ ಹಿಬಿಯಾದ ಒಂದು ದೇವಾಲಯ ಜನಸಾಮಾನ್ಯರಿಗೂ ಅಂಥದೇ ಶಾಸ್ತ್ರ ರೂಪಿಸಿತು. ಅದೇ ಈಗಿನ ಟೋಕಿಯೊ ದಾಯ್‌ಜಿಂಗು. ಆ ಯುವರಾಜನ ತಂದೆಯೇ ಮೇಜಿ ಚಕ್ರವರ್ತಿ. ಮಗನ ಮದುವೆಯಿಂದ ಹುಟ್ಟಿದ ಶಾಸ್ತ್ರ ತಂದೆಯ ಗುಡಿಯಲ್ಲಿ ನಡೆಯುತ್ತಿದೆ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಂಬಿಗೆ ಈ ಗುಡಿ ಸುಟ್ಟುಹೋಯಿತು; ಜನರ ದೇಣಿಗೆಯಿಂದ 1958ರಲ್ಲಿ ಮತ್ತೆ ಎದ್ದಿತು. ರಾಜ್ಯದ ಧರ್ಮವಾಗಿ ಶಿಂಟೊ ಯುದ್ಧದ ಬೆನ್ನಿಗಿದ್ದ ಕಾಲವನ್ನು ಅಲ್ಲಿಯ ಹಿರಿಯರು ಮರೆತಿಲ್ಲ. ಹುಡುಗಿಯ ಅಜ್ಜ ಬದುಕಿರುವವರೆಗೂ ಈ ಗುಡಿಗೆ ಬರುತ್ತಿರಲಿಲ್ಲವಂತೆ. ಅಜ್ಜಿ ಮಾತ್ರ ತಪ್ಪದೆ ಬರುತ್ತಿದ್ದರು. ಒಂದೇ ಮನೆಯಲ್ಲಿ ಎರಡೂ ಇತ್ತು.

ನೂರಿಪ್ಪತ್ತೈದು ವರ್ಷದ ಪದ್ಧತಿಯನ್ನು ಸನಾತನ ಎನ್ನಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಪ್ರತಿಯೊಂದು ಶಾಸ್ತ್ರವನ್ನೂ ಯಾರೋ ಒಂದು ದಿನ ಮೊದಲು ಮಾಡಿದ್ದಾರೆ. ಅದು ಉಳಿದದ್ದು ಆಮೇಲಿನವರು ಮನಸ್ಸಿಟ್ಟು ಮಾಡಿದ್ದರಿಂದ.

ಮದುವೆಯ ದಿನ ಮಧ್ಯಾಹ್ನ ಅಕ್ಕನನ್ನೂ ನನ್ನನ್ನೂ ಮದುಮಗಳ ಕೋಣೆಗೆ ಕರೆದರು. ಅಡಿಯಿಂದ ಮುಡಿಯವರೆಗೆ ಬಿಳಿ. ಒಳಗಿನ ನಿಲುವಂಗಿ, ಸೊಂಟದ ಪಟ್ಟಿ, ಮೇಲೆ ಹತ್ತಿ ತುಂಬಿದ ಅಂಚಿನ ನೆಲ ಒರೆಸುವ ಮೇಲಂಗಿ, ಎಲ್ಲಕ್ಕೂ ಬೇರೆಬೇರೆ ನೇಯ್ಗೆಯ ರೇಷ್ಮೆ. ಬಿಳಿಯ ಮೇಲೆ ಬಿಳಿಯಲ್ಲೇ ನೇಯ್ದ ಕೊಕ್ಕರೆಗಳು ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತಿದ್ದವು. ಬೀಗಿತಿ ಕಪ್ಪು ಕಿಮೊನೊ ಉಟ್ಟಿದ್ದರು, ಸೊಂಟದಿಂದ ಕೆಳಗೆ ಮಾತ್ರ ಚಿತ್ತಾರ. ಮದುವೆಯಾದ ಹತ್ತಿರದ ಹೆಂಗಸರಿಗೆ ಅದೇ ಅತ್ಯಂತ ಗೌರವದ ಉಡುಪು. ಅಕ್ಕ ನನ್ನ ಕಿವಿಯಲ್ಲಿ, “ಮದುಮಗಳು ಬಿಳಿ, ಬೀಗಿತಿ ಕಪ್ಪು. ಎಂತ ಹೇಳೋದು ಮಾರಾಯ್ತಿ?” ಎಂದಳು. ಹಳೇ ಮೈಸೂರಿನ ಕಡೆ ಧಾರೆಗೆ ಬಿಳಿ ಸೀರೆ ಉಡಿಸುವ ಮನೆಗಳಿವೆಯಲ್ಲ ಎಂದೆ. ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಆಗ ಬೀಗಿತಿ ಮಗಳ ಎದುರು ಮಂಡಿಯೂರಿದರು. ಅಲಂಕಾರ ಮಾಡುವಾಕೆ ಒಂದು ಪುಟ್ಟ ಬಟ್ಟಲನ್ನು ಮುಂದೆ ಹಿಡಿದಳು. ಒಳಗೆ ಕೆಂಪು. ತುಟಿಗೆ ಹಚ್ಚುವ ಕೊನೆಯ ಬಣ್ಣ ತಾಯಿಯ ಕೈಯಿಂದ ಆಗಬೇಕು. ಈಗಿನ ಮದುವೆಗಳಲ್ಲಿ ಇದನ್ನು ಬಹಳ ಮನೆಗಳಲ್ಲಿ ಮಾಡುತ್ತಾರೆ. ತಾಯಿ ಸಣ್ಣ ಕುಂಚವನ್ನು ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಕೆಳತುಟಿಯ ನಡುವಿಗೆ ಇಟ್ಟು ಒಂದು ಬದಿಗೆ ಎಳೆದರು. ಬಿಳಿ ಪುಡಿ ಬಳಿದ ಮುಖದಲ್ಲಿ ಅದೊಂದು ಗೆರೆ ಎದ್ದು ಕಂಡಿತು. ಮಗಳು ಕಣ್ಣು ಮುಚ್ಚಿದ್ದಳು. ಆಮೇಲೆ ಬೀಗಿತಿ ಕುಂಚವನ್ನು ತಿರುಗಿಸಿ, ಹಿಡಿಯನ್ನು ಅಕ್ಕನ ಕಡೆಗೆ ಚಾಚಿದರು. ಇನ್ನೊಂದು ಬದಿ ನೀವು ಎಂದು ಕಣ್ಣಲ್ಲೇ ಹೇಳಿದರು. ಹಾಳೆಯಲ್ಲಿ ಇದರ ಚಿತ್ರ ಇರಲಿಲ್ಲ. ಅಕ್ಕನೂ ಮಂಡಿಯೂರಿದಳು. ಬೆಳಿಗ್ಗೆಯೂ ಸಂಜೆಯೂ ಹೊಸ್ತಿಲಿಗೆ ರಂಗೋಲಿಯ ಎಳೆ ಎಳೆಯುವ ಅವಳ ಕೈ ಆವತ್ತು ನಡುಗಲಿಲ್ಲ.

ದಿಬ್ಬಣ ಹೊರಟಿತು. ಮುಂದೆ ಪೂಜಾರಿ, ಅವರ ಹಿಂದೆ ಬಿಳಿ ಅಂಗಿ ಕೆಂಪು ಲಂಗದ ಇಬ್ಬರು ಮಿಕೊಗಳು, ಅಂದರೆ ದೇವಾಲಯದ ಸೇವೆಯ ಹುಡುಗಿಯರು. ಆಮೇಲೆ ದೊಡ್ಡ ಕೆಂಪು ಛತ್ರಿಯ ಕೆಳಗೆ ಮದುಮಕ್ಕಳು, ಹಿಂದೆ ಎರಡೂ ಕಡೆಯ ತಂದೆತಾಯಂದಿರು, ನೆಂಟರು. ನಮ್ಮ ಹುಡುಗ ಕಪ್ಪು ಮೇಲಂಗಿ, ಗೀರು ಗೀರಿನ, ಲಂಗದಂತೆ ಅಗಲವಾದ ಹಕಾಮಾ ತೊಟ್ಟಿದ್ದ. ಮೇಲಂಗಿಯ ಮೇಲೆ ಐದು ಕಡೆ ಮನೆತನದ ಲಾಂಛನ ಇರಬೇಕು. ನಮಗೆ ಲಾಂಛನವೆಲ್ಲಿಯದು? ಬಾಡಿಗೆ ಉಡುಪುಗಳಿಗೆ ಯಾರು ಬೇಕಾದರೂ ತೊಡಬಹುದಾದ ಪೌಲೋನಿಯಾ ಎಲೆಯ ಲಾಂಛನ ಹಾಕಿರುತ್ತಾರೆ, ಅದೇ ಇತ್ತು. ಬಯಲಿನಂಥ ಅಂಗಳವನ್ನು ದಾಟುವಾಗ ಎರಡೂ ಬದಿಗೆ ಪ್ರವಾಸಿಗರು ಫೋನ್ ಎತ್ತಿ ನಿಂತಿದ್ದರು. ಆ ತಿಂಗಳು ಮಕ್ಕಳಿಗೆ ಮೂರು, ಐದು, ಏಳು ವರ್ಷ ತುಂಬಿದ್ದಕ್ಕೆ ಗುಡಿಗೆ ಕರೆತರುವ ಹಬ್ಬದ್ದಾದ್ದರಿಂದ ಕಿಮೊನೊ ತೊಟ್ಟ ಪುಟಾಣಿಗಳೂ ಬಾಯಿ ಬಿಟ್ಟು ನೋಡುತ್ತಿದ್ದವು. ಎಷ್ಟೋ ಊರುಗಳಲ್ಲಿ ನಾನು ನಿಂತದ್ದು ಆ ಫೋನ್ ಹಿಡಿದವರ ಸಾಲಿನಲ್ಲಿ. ಇಲ್ಲಿ ಸಾಲಿನೊಳಗೆ ನಡೆಯುವಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಜಲ್ಲಿಯ ಮೇಲೆ ಸೀರೆಯ ನೆರಿಗೆ ಹಿಡಿದು ನಿಧಾನಕ್ಕೆ ಹೆಜ್ಜೆ ಹಾಕಿದೆ.

ಒಳಗೆ ದೇವರ ಕಡೆ ಮುಖ ಮಾಡಿದರೆ ಬಲಕ್ಕೆ ಗಂಡಿನವರು, ಎಡಕ್ಕೆ ಹೆಣ್ಣಿನವರು, ಎದುರುಬದುರು. ಮೂರ್ತಿಯಿಲ್ಲ. ಅಕ್ಕಿ, ಉಪ್ಪು, ನೀರು, ಸಾಕೆ ಎಂಬ ಅಕ್ಕಿಯ ಹೆಂಡ, ತರಕಾರಿ, ಮೀನು ಇಟ್ಟ ನೈವೇದ್ಯದ ಮಣೆಗಳು. ಪೂಜಾರಿ ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ನಮ್ಮ ತಲೆಯ ಮೇಲೆ ಆಡಿಸಿ ಶುದ್ಧಿ ಮಾಡಿದರು. ಆಮೇಲೆ ನೊರಿತೊ ಓದಿದರು. ದೇವರಿಗೆ ಈ ಮದುವೆಯ ವಾರ್ತೆ ಒಪ್ಪಿಸುವ ಹಳೆಗಾಲದ ಭಾಷೆಯ ಪಠಣ. ತಗ್ಗಿದ ಏರಿಳಿತದ ಆ ಸ್ವರದ ನಡುವೆ ಇದ್ದಕ್ಕಿದ್ದಂತೆ ನಮ್ಮ ಹುಡುಗನ ಹೆಸರು, ಅವನ ಅಪ್ಪನ ಹೆಸರು ಕೇಳಿಸಿದವು. ಭಾವ ಬಗ್ಗಿಸಿದ ತಲೆಯನ್ನು ಒಂಚೂರು ಎತ್ತಿದರು. ಸಂಕಲ್ಪದಲ್ಲಿ ಹೆಸರು ಹೇಳಿಸಿಕೊಂಡು ಅಭ್ಯಾಸವಿದ್ದ ಮನುಷ್ಯ.

ಮೂರು ಬಟ್ಟಲಿನ ಶಾಸ್ತ್ರ ಮದುವೆಯ ತಿರುಳು. ಒಂದರ ಮೇಲೊಂದು ಇಟ್ಟ ಚಿಕ್ಕದು, ನಡುವಿನದು, ದೊಡ್ಡದು. ಮಿಕೊ ಮೂರು ಸಲ ಬಾಗಿಸಿ ಸಾಕೆ ಹೊಯ್ಯುತ್ತಾಳೆ. ಮೂರು ಗುಟುಕು, ಮೊದಲ ಎರಡು ತುಟಿಗೆ ತಾಗಿಸಿದಷ್ಟು, ಮೂರನೆಯದು ಕುಡಿಯುವುದು. ಇವನಿಂದ ಅವಳಿಗೆ, ಅವಳಿಂದ ಇವನಿಗೆ. ಮೂರು ಮೂರಲ ಒಂಬತ್ತು. ಎರಡರಿಂದ ಭಾಗವಾಗದ ಸಂಖ್ಯೆಗಳೇ ಅಲ್ಲಿ ಶುಭ. ಮುಯ್ಯಿಯ ಹಣವನ್ನೂ ಬೆಸ ಸಂಖ್ಯೆಯಲ್ಲಿಯೇ, ಗರಿಗರಿ ಹೊಸ ನೋಟಿನಲ್ಲಿ, ಬಿಚ್ಚಲು ಬಾರದ ಗಂಟು ಹಾಕಿದ ಲಕೋಟೆಯಲ್ಲಿ ಕೊಡುತ್ತಾರೆ. ನೂರಕ್ಕೆ ಒಂದು ಸೇರಿಸಿ ಕೊಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆಮೇಲೆ ಇಬ್ಬರೂ ಎದ್ದು ನಿಂತು ಪ್ರತಿಜ್ಞೆ ಓದಿದರು. ವಾಡಿಕೆಯಂತೆ ಗಂಡು ಪೂರ್ತಿ ಓದುತ್ತಾನೆ, ಹೆಣ್ಣು ಕೊನೆಯಲ್ಲಿ ತನ್ನ ಹೆಸರು ಮಾತ್ರ ಹೇಳುತ್ತಾಳೆ. ಇವರು ಮೊದಲೇ ಕೇಳಿಕೊಂಡು, ಸಾಲು ಬಿಟ್ಟು ಸಾಲು ಓದಿದರು. ನಾನು ಕಾದದ್ದು ಇನ್ನೊಂದಕ್ಕೆ: ಹುಡುಗಿಯನ್ನು ಒಪ್ಪಿಸುವ ಘಳಿಗೆಗೆ. ಅದು ಬರಲೇ ಇಲ್ಲ. ತಂದೆ ಮಗಳ ಕೈಯನ್ನು ಯಾರ ಕೈಯಲ್ಲೂ ಇಡಲಿಲ್ಲ. ಇಬ್ಬರೂ ತಾವಾಗಿ ದೇವರ ಮುಂದೆ ಹೋದರು, ತಾವೇ ಹೇಳಿಕೊಂಡರು. ಕೊಡುವವರಿಲ್ಲ, ತೆಗೆದುಕೊಳ್ಳುವವರಿಲ್ಲ. ಧಾರೆಯ ನೀರು ಬೀಳುವಾಗ ಅಳುವ ತಾಯಂದಿರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಧಾರೆಯಲ್ಲಿ ಅಪ್ಪನ ಕೈ ಹೇಗೆ ತಣ್ಣಗಿತ್ತು ಎಂಬುದು ಇಂದಿಗೂ ನೆನಪಿದೆ. ಆ ಅಳುವಿನಲ್ಲಿ ಪ್ರೀತಿಯಿದೆ. ಆದರೂ ಕೊಡುವುದಿಲ್ಲದ ಮದುವೆಯೂ ಇಷ್ಟು ತುಂಬಿಕೊಂಡಿರಬಹುದು ಎಂದು ನನಗೆ ಅಲ್ಲಿ ಕಂಡಿತು. ಈ ವಿಷಯದಲ್ಲಿ ಅವರ ದಾರಿ ಹೆಚ್ಚು ಸರಿ ಎಂದೇ ನನ್ನ ಎಣಿಕೆ.

ಸಕಾಕಿ ಮರದ ಟೊಂಗೆಗೆ ಬಿಳಿ ಕಾಗದ ಕಟ್ಟಿದ್ದನ್ನು ದೇವರಿಗೆ ಅರ್ಪಿಸಲು ಭಾವನ ಸರದಿ ಬಂತು. ಬಲಗೈ ಬುಡದ ಮೇಲಿಂದ, ಎಡಗೈ ಎಲೆಗಳ ಕೆಳಗಿನಿಂದ. ಎದೆಯ ಎತ್ತರಕ್ಕೆ ಹಿಡಿದು ನಡೆದು, ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿ, ಬುಡ ದೇವರ ಕಡೆಗೆ ಬರುವಂತೆ ಇಟ್ಟು, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರು. ದಿನವೂ ಬೆಳಿಗ್ಗೆ ತುಳಸಿ ಏರಿಸುವ ಕೈಗೆ ಎಲೆ ಹಿಡಿಯುವ ಹದ ಗೊತ್ತಿರುತ್ತದೆ. ಎದುರು ಸಾಲಿನಲ್ಲಿ ಅಜ್ಜಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು, ಇವರು ತಿರುಗಿ ಬರುವಾಗ ಮೆಲ್ಲಗೆ ತಲೆಯಾಡಿಸಿದರು.

ಕೊನೆಗೆ ನೆಂಟರ ಬಟ್ಟಲು. ಮಿಕೊಗಳು ಪ್ರತಿಯೊಬ್ಬರ ಮುಂದೆಯೂ ಸಾಕೆ ಹೊಯ್ಯುತ್ತ ಬಂದರು. ಅಕ್ಕ ಜೀವಮಾನದಲ್ಲಿ ಹೆಂಡ ಮುಟ್ಟಿದವಳಲ್ಲ. ಬೀಗಿತಿ ಹಾಳೆಯಲ್ಲಿ ಇದನ್ನೂ ನೆನಪಿಟ್ಟು ಬರೆದಿದ್ದರು: ತುಟಿಗೆ ತಾಗಿಸಿದರೆ ಸಾಕು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಲ್ಲರೂ ಎದ್ದೆವು. ಅಕ್ಕ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ತೀರ್ಥ ತೆಗೆದುಕೊಂಡಂತೆ ಕಣ್ಣಿಗೊತ್ತಿ, ಮೂರು ಸಲಕ್ಕೆ ಪೂರ್ತಿ ಕುಡಿದಳು. ನಾನೂ ಕುಡಿದೆ. ಎರಡೂ ಸಾಲು ಎದುರುಬದುರು ಬಾಗಿದವು. ಪೂಜಾರಿ ಎರಡು ಮನೆ ಈಗ ನೆಂಟರಾದವು ಎಂಬಂತೆ ಶುಭ ಹಾರೈಸಿದರು. ಅರ್ಧ ಗಂಟೆಯ ಆಸುಪಾಸಿನಲ್ಲಿ ಎಲ್ಲ ಮುಗಿದಿತ್ತು. ಅಷ್ಟು ಹೊತ್ತೂ ಒಬ್ಬರೂ ಪಕ್ಕದವರ ಜೊತೆ ಮಾತಾಡಿರಲಿಲ್ಲ. ನಿಮ್ಮ ದೇವರು ಯಾರು, ನಮ್ಮ ದೇವರನ್ನು ಒಪ್ಪುತ್ತೀರಾ, ಹೆಸರು ಬದಲಿಸಿಕೊಳ್ಳುತ್ತೀರಾ ಎಂದು ಯಾರೂ ನಮ್ಮ ಹುಡುಗನನ್ನು ಒಂದು ಮಾತೂ ಕೇಳಿರಲಿಲ್ಲ.

ಊಟ ಮೇಜಿ ಕಿನೆನ್‌ಕಾನ್‌ನಲ್ಲಿ. ಮೇಜಿ ಸಂವಿಧಾನದ ಕರಡನ್ನು 1888ರಲ್ಲಿ ಚರ್ಚಿಸಿದ ಕಟ್ಟಡ ಅದರಲ್ಲಿದೆ. 1947ರಿಂದ ಅಲ್ಲಿ ಮದುವೆಗಳು ನಡೆಯುತ್ತಿವೆ. ಸಾರಿನ ನೀರಿಗೂ ಒಣಮೀನು ಹಾಕುವ ದೇಶದಲ್ಲಿ ನಮಗಾಗಿ ಬೌದ್ಧ ಮಠಗಳ ರೀತಿಯ ಸಸ್ಯಾಹಾರ ಮಾಡಿಸಿದ್ದರು. ನಡುವೆ ಮದುಮಗಳು ಉಡುಪು ಬದಲಿಸುವ ಪದ್ಧತಿಯಿದೆ. ಬಣ್ಣದ ಕಿಮೊನೊ ಬೇಡ, ಸೀರೆ ಉಡುತ್ತೇನೆ ಎಂದಿದ್ದಳು. ಉಡಿಸುವ ಕೆಲಸ ನನ್ನದು. ಕಿಮೊನೊ ಉಡಿಸಿ ಪಳಗಿದ ಹೆಂಗಸರು ಸುತ್ತ ನಿಂತರು. ಅವರ ಉಡುಪು ನಿಲ್ಲುವುದು ಒಂದರ ಮೇಲೊಂದು ಬಿಗಿಯುವ ದಾರ, ಪಟ್ಟಿಗಳಿಂದ. ನಾನು ನೆರಿಗೆ ಹಿಡಿದು ಸಿಕ್ಕಿಸಿ ಸೆರಗು ಹೊದಿಸಿದೆ. ಅವರಲ್ಲಿ ಹಿರಿಯಾಕೆ ಸೊಂಟದ ಸುತ್ತ ಮೆಲ್ಲಗೆ ಬೆರಳಾಡಿಸಿ, ದಾರ ಎಲ್ಲಿ ಎಂದು ಕೇಳಿದಳು. ಲಂಗದ ಲಾಡಿ ತೋರಿಸಿದೆ. ಅಷ್ಟೇನಾ ಎಂದು ಮತ್ತೆ ನೆರಿಗೆಯನ್ನು ಒಂದೊಂದಾಗಿ ಎಣಿಸಿ ನೋಡಿದಳು. ಕಸುಬು ಬಲ್ಲವರು ಇನ್ನೊಬ್ಬರ ಕಸುಬನ್ನು ನೋಡುವ ಆ ನೋಟ ನನಗೆ ಬಹಳ ಇಷ್ಟವಾಯಿತು. ಮೆರೂನ್ ಮೈಸೂರು ಸಿಲ್ಕಿನಲ್ಲಿ ಅವಳು ಬಾಗಿಲಲ್ಲಿ ನಿಂತಾಗ ಅವಳ ಅಪ್ಪನೇ ಮೊದಲು ಚಪ್ಪಾಳೆ ತಟ್ಟಿದರು.

ಕೊನೆಯಲ್ಲಿ ಅವಳು ಅಪ್ಪ ಅಮ್ಮನಿಗೆ ಬರೆದ ಪತ್ರವನ್ನು ಓದಿದಳು. ಮಕ್ಕಳು ಎದುರಿಗೆ ಹೇಳದ ಮಾತುಗಳನ್ನೆಲ್ಲ ಅಲ್ಲಿ ಆವತ್ತು ಓದಿ ಹೇಳುತ್ತಾರೆ. ಇಡೀ ದಿನ ಗಂಭೀರವಾಗಿದ್ದ ಅಪ್ಪ ಕರವಸ್ತ್ರ ತೆಗೆದರು. ಹುಡುಗ ನಮ್ಮ ಪಕ್ಕ ಕೂತು ಪಿಸುದನಿಯಲ್ಲಿ ಕನ್ನಡ ಮಾಡುತ್ತಿದ್ದ. “ಜ್ವರ ಬಂದಾಗ ರಾತ್ರಿಯೆಲ್ಲ ಅಪ್ಪ ಬೆನ್ನ ಮೇಲೆ ಹೊತ್ತು ನಡೆದದ್ದು ಹೇಳ್ತಿದಾಳೆ ಚಿಕ್ಕಿ,” ಎಂದು ಅವನ ಗಂಟಲೂ ಕಟ್ಟಿತು.

ಬರುವ ಮಾಘದಲ್ಲಿ ಸಾಗರದಲ್ಲಿ ಧಾರೆ. ಊರಿಗೆ ಬಂದ ಮೇಲೆ ಹಿರಿಯರು ಕೂತು ಮಾತಾಡಿದಾಗ ಒಂದು ಸಲಹೆ ಬಂತು. ಹೊರಗಿನ ಹುಡುಗಿಯರನ್ನು ತಂದಾಗ ನಮ್ಮಲ್ಲಿ ಮಾಡುವ ಉಪಾಯ ಅದು: ಹುಡುಗಿಗೆ ಗೋತ್ರವಿಲ್ಲ, ನಮ್ಮವರೇ ಯಾರಾದರೂ ದಂಪತಿ ಅವಳನ್ನು ಮಗಳೆಂದು ಸ್ವೀಕರಿಸಿ ಧಾರೆ ಎರೆದುಕೊಡಲಿ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಜ್ವರದ ಮಗುವನ್ನು ರಾತ್ರಿಯೆಲ್ಲ ಹೊತ್ತು ನಡೆದ ಅಪ್ಪ ಎದುರಿಗೇ ಕೂತಿರುವಾಗ ಅವಳಿಗೆ ಇನ್ನೊಬ್ಬ ಅಪ್ಪನನ್ನು ಹುಡುಕುವುದು ಹೇಗೆ? ನಮ್ಮನ್ನು ನೆಂಟರ ಸಾಲಿನಲ್ಲಿ ಕೂರಿಸಿ ಬಟ್ಟಲು ಕೊಡುವ ಮೊದಲು ಅವರು ನಮ್ಮ ಕುಲ ಕೇಳಲಿಲ್ಲ. ಅಕ್ಕ ಇಷ್ಟನ್ನೇ ಹೇಳಿದಳು, ಭಾವ ಹೂಂ ಅಂದರು.

ಧಾರೆಯ ಹೊತ್ತಿಗೆ ಎರಡೂ ಕಡೆಯ ತಂದೆತಾಯಿ ನಾಲ್ವರೂ ಮದುಮಕ್ಕಳ ಕೈಗೆ ಕೈ ಕೊಟ್ಟು ನಿಲ್ಲಲಿ, ನೀರನ್ನು ಒಟ್ಟಿಗೆ ಬಿಡಲಿ ಎಂದು ಗೊತ್ತಾಗಿದೆ. ಪುರೋಹಿತರು ಒಪ್ಪಿದ್ದಾರೆ. ಮಕ್ಕಳು ದೂರದೇಶದವರನ್ನು ಮದುವೆಯಾಗುವ ಮನೆಗಳು ಈಗ ಮಲೆನಾಡಿನಲ್ಲೂ ಹೆಚ್ಚುತ್ತಿವೆ. ಅಂಥ ಮದುವೆ ನಿಮ್ಮ ಮನೆಯಲ್ಲೂ ಬಂದರೆ, ಹೆತ್ತವರಿರುವ ಹುಡುಗಿಗೆ ಬಾಡಿಗೆಯ ಅಪ್ಪ ಅಮ್ಮನನ್ನು ತರಬೇಡಿ. ಹೆತ್ತವರನ್ನೇ ಕರೆಸಿ, ಎದುರು ಸಾಲಿನಲ್ಲಿ ಕೂರಿಸಿ.